ಮಾಗಳಿ ಬಳ್ಳಿಯ ಅಮ್ಮ

ಮಾಗಳಿ ಬೇರಿನ ವಾಸನೆ ಸೇರದವರು ಅದನ್ನು ತಿಗಣೆ ವಾಸನೆ ಎನ್ನುತ್ತಾರೆ. ಅಂಥವರನ್ನು ನಾನು ಊಟಕ್ಕೆ ಕರೆಯುವುದಿಲ್ಲ. ಹಿಂದೂಪುರದ ನಮ್ಮ ಮನೆಯಲ್ಲಿ ಆ ಬೇರಿನ ಉಪ್ಪಿನಕಾಯಿ ಇಲ್ಲದೆ ಮೊಸರನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬೇರು ಕಳಿಸುತ್ತಿದ್ದವರು ರೊದ್ದಂ ಕಡೆಯ ಹಳ್ಳಿಯಲ್ಲಿದ್ದ ನನ್ನ ಸೋದರತ್ತೆ. ಅವರ ಊರ ಹಿಂದಿನ ಬೆಟ್ಟದ ಬಂಡೆ ಸಂದುಗಳಲ್ಲಿ ಈ ಕಾಡುಬಳ್ಳಿ ಹಬ್ಬುತ್ತಿತ್ತು. ಅತ್ತೆ ಪಕ್ಕದ ಒಂದು ಬೇರನ್ನಷ್ಟೇ ಕಿತ್ತು, ತಾಯಿಬೇರಿಗೆ ಮಣ್ಣು ಮುಚ್ಚಿ ಬರುತ್ತಿದ್ದರು.

ಎರಡು ಸಾವಿರದ ಇಸವಿ ಕಳೆದ ಮೇಲೆ ಪೇಟೆಯಲ್ಲಿ ಬೇರಿಗೆ ಗಿರಾಕಿ ಹೆಚ್ಚಿತು. ಕಲ್ಯಾಣದುರ್ಗದ ಕಡೆಯ ಬೆಟ್ಟಗಳನ್ನು ಬರಿದು ಮಾಡಿದವರು ಹಾರೆ ಹಿಡಿದು ಇತ್ತ ಬಂದರು. ಬುಡಸಮೇತ ಕಿತ್ತರು. ಕೀಳಬಾರದೆಂದು ಯಾರೋ ನೆಟ್ಟ ಬೋರ್ಡಿಗೆ ಬುತ್ತಿ ಚೀಲ ನೇತುಹಾಕಿ ಅಗೆದರು. ಕೊನೆಗೆ ಬೆಟ್ಟದ ನೆತ್ತಿಯಲ್ಲಿ ಒಂದೇ ಬಳ್ಳಿ ಉಳಿಯಿತು.

ಅತ್ತೆ ಅದರ ಬುಡದ ಕಲ್ಲಿಗೆ ಅರಿಶಿನ ಬಳಿದು, ಕುಂಕುಮವಿಟ್ಟು, ಕೆಂಪು ರವಿಕೆ ಕಣ ಹೊದಿಸಿದರು. ಅಮ್ಮನೋರು ಕನಸಿನಲ್ಲಿ ಬಂದು ಆ ಜಾಗ ತೋರಿಸಿದರೆಂದು ಊರಿಗೆಲ್ಲ ಹೇಳಿದರು.

“ಸುಳ್ಳಲ್ವಾ ಅತ್ತೆ?” ಎಂದೆ.

“ಬೋರ್ಡಿಗೆ ಹೆದರಾಕಿಲ್ಲ ಕಣಮ್ಮ, ಅಮ್ಮನೋರಿಗೆ ಹೆದರ್ತಾರೆ. ಬೀಜ ಬಿಡೋಗಂಟ ಉಳಿದ್ರೆ ಸಾಕು. ಆಮ್ಯಾಕೆ ಬೆಟ್ಟದ ತುಂಬ ಬಿತ್ಕೊಂಡು ಬತ್ತೀನಿ.”

ಹಾರೆಗಳೇನೋ ನಿಂತವು. ಆದರೆ ಹೆಂಗಸರು ಬರತೊಡಗಿದರು. ಎಣ್ಣೆ ಸುರಿದರು, ತೆಂಗಿನಕಾಯಿ ಒಡೆದರು, ಬುಡದಲ್ಲೇ ಕರ್ಪೂರ ಹಚ್ಚಿದರು. ಸ್ವಲ್ಪ ದೂರ ಇಡಿ ಎಂದು ಅತ್ತೆ ಬೇಡಿಕೊಂಡರೆ, ಅಮ್ಮನೋರನ್ನು ತಾನೊಬ್ಬಳೇ ಇಟ್ಟುಕೊಳ್ಳಲು ನೋಡುತ್ತಾಳೆ ಎಂದು ಮೂತಿ ತಿರುವಿದರು. ಯಾರದೋ ಹರಕೆ ಕೈಗೂಡಿ, ಬುಡದ ಸುತ್ತ ಸಿಮೆಂಟಿನ ಕಟ್ಟೆಯೂ ಎದ್ದಿತು. ಕಾಯಿ ಕಟ್ಟುವ ಮೊದಲೇ ಬಳ್ಳಿ ಒಣಗಿತು. ಆ ಒಣ ಕಡ್ಡಿಗೂ ಬಳೆ ತೊಡಿಸಿದರು.

ಅಲ್ಲಿಂದಾಚೆ ಅತ್ತೆಯ ಮನೆಗೆ ಮಾಗಳಿಯ ವಾಸನೆ ಹಿಡಿಯಿತು. ಬೇರು ಆ ಮನೆಯ ಹೊಸ್ತಿಲು ದಾಟಿ ವರ್ಷಗಳೇ ಆಗಿದ್ದವು. ಅತ್ತೆ ಜಾಡಿಗಳನ್ನು ಸೀಗೆಪುಡಿ ಹಾಕಿ ತಿಕ್ಕಿದರು, ಗೋಡೆಗೆ ಸುಣ್ಣ ಬಳಿಸಿದರು. ಹೋಗಲಿಲ್ಲ. ಭ್ರಮೆ ಎಂದು ನಗಲು ಹೋದ ನನಗೂ ನಡುಮನೆ ದಾಟುವಾಗ ಅದು ಮೂಗಿಗೆ ಬಡಿಯಿತು. ಹೆದರಿದೆ, ಸುಳ್ಳೇಕೆ ಹೇಳಲಿ.

ಶ್ರಾವಣದ ಒಂದು ಶುಕ್ರವಾರ ಊರ ಹೆಂಗಸರು ಮನೆಗೇ ಬಂದರು. “ಮೊದಲ್ನೇ ದೀಪ ನೀನೇ ಹಚ್ಬೇಕು ಕಣಕ್ಕಾ. ಅಮ್ಮನೋರು ಕಂಡಿದ್ದು ನಿಂಗೇ ತಾನೆ” ಎಂದು ಅತ್ತೆಯನ್ನು ಎಬ್ಬಿಸಿಕೊಂಡು ಹೊರಟರು. ನಾನೂ ಜೊತೆಗೆ ಬೆಟ್ಟ ಹತ್ತಿದೆ. ಕಟ್ಟೆಯ ಬಳಿ ಕರ್ಪೂರ, ಕೊಳೆತ ಹೂವು, ಕಮಟು ಎಣ್ಣೆ. ಮಾಗಳಿಯ ವಾಸನೆ ಮಾತ್ರ ಅಲ್ಲಿ ಇರಲಿಲ್ಲ.

ಅತ್ತೆ ದೀಪ ಹಚ್ಚಲಿಲ್ಲ. ಸಿಮೆಂಟಿಗೆ ಹಣೆಯಿಟ್ಟು, “ತಪ್ಪಾಯ್ತು ಕಣವ್ವ, ತಪ್ಪಾಯ್ತು” ಎಂದು ಅತ್ತರು.

ಪೂಜೆಯ ಕ್ರಮವೇ ಅದೆಂದುಕೊಂಡು ಹಿಂದಿದ್ದ ಹೆಂಗಸರೆಲ್ಲ ಕೆನ್ನೆ ಬಡಿದುಕೊಂಡರು. “ತಪ್ಪಾಯ್ತು ಕಣವ್ವ” ಎಂದರು ಕೆಲವರು. ಉಳಿದವರು ತೆಲುಗಿನಲ್ಲಿ, “ತಪ್ಪಯಿಂದಿ ತಲ್ಲೀ” ಎಂದರು.