ವಲಾಂಡಿ ಗಣಿಯ ನೆಟ್ಟನೆಯ ಗೋಡೆ

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆಯ ನಂತರದ ವರ್ಷಗಳಲ್ಲಿ ನಮ್ಮ ಸೀಮೆಯಲ್ಲಿ ರಸ್ತೆ ಕೆಲಸ ಜೋರಾಗಿ ನಡೆದಿತ್ತು. ರಸ್ತೆಗೆ ಖಡಿ ಬೇಕು, ಆ ಜಲ್ಲಿಗೆ ಕಲ್ಲು ಬೇಕು. ವಲಾಂಡಿಯ ಹತ್ತಿರ ಕಲ್ಲುಗಣಿ ತೆಗೆಯಲು ಗುತ್ತಿಗೆ ಹಿಡಿದವರ ಕೈಕೆಳಗೆ ನಾನು ಓವರ್‌ಸಿಯರ್ ಆಗಿದ್ದೆ. ಗಣಿಯ ನಕ್ಷೆ ಬರೆಯುವುದು, ಖರ್ಚಿನ ಅಂದಾಜು ಕಟ್ಟುವುದು ನನ್ನ ಕೆಲಸ.

ಅಲ್ಲಿ ಮೇಲೆ ಎರೆಮಣ್ಣು, ಅದರ ಕೆಳಗೆ ಮುರುಮು ಎನ್ನುವ ಸಡಿಲ ಗರಸು, ಅದಕ್ಕೂ ಕೆಳಗೆ ಒಳ್ಳೆಯ ಕರಿಗಲ್ಲು. ಕಲ್ಲಿಗೆ ಕೈಹಾಕುವ ಮೊದಲು ಮಣ್ಣು, ಮುರುಮನ್ನು ಅಗಲವಾಗಿ ಸರಿಸಿ, ಗಣಿಯ ಅಂಚನ್ನು ಮೆಟ್ಟಿಲಿನಂತೆ ಪಾವಟಿಗೆ ಪಾವಟಿಗೆಯಾಗಿ ಇಳಿಸಿಕೊಂಡು ಹೋಗಬೇಕೆಂದು ಬರೆದೆ. ಮೇಲಿನದು ಕುಸಿದರೂ ನಡುವಿನ ಪಾವಟಿಗೆಯ ಮೇಲೆ ನಿಲ್ಲುತ್ತದೆ, ಕೆಳಗೆ ಕಲ್ಲು ಒಡೆಯುವವರ ತಲೆಯ ಮೇಲೆ ಬೀಳುವುದಿಲ್ಲ. ಆದರೆ ಹಾಗೆ ಮಾಡಲು ಒಂದು ಗಾಡಿ ಕಲ್ಲು ಕಾಣುವ ಮೊದಲೇ ಎಷ್ಟೋ ಗಾಡಿ ಮಣ್ಣು ಸಾಗಿಸಬೇಕು. ಆ ಖರ್ಚು ಅಂದಾಜಿನಲ್ಲಿ ಎದ್ದು ಕಾಣುತ್ತಿತ್ತು.

ಗುತ್ತಿಗೆ ಕಂಪನಿಯ ನಮ್ಮ ದೊಡ್ಡ ಸಾಹೇಬರು ಹೈದರಾಬಾದ್ ಶಹರದವರು. ನಯವಾದ ಮನುಷ್ಯರೇ. ಚಹಾ ತರಿಸಿಕೊಟ್ಟು, ನಕ್ಷೆ ನೋಡಿ, ಕೆಂಪು ಪೆನ್ಸಿಲಿನಿಂದ ಪಾವಟಿಗೆಗಳನ್ನೆಲ್ಲ ಹೊಡೆದುಹಾಕಿದರು. ಮಣ್ಣು ಹೊತ್ತದ್ದಕ್ಕೆ ಯಾರೂ ಹಣ ಕೊಡುವುದಿಲ್ಲ, ಗಣಿಯ ಗೋಡೆ ನೆಟ್ಟಗೆ ಕಡಿಸು ಎಂದು ಉರ್ದುವಿನಲ್ಲಿ ಹೇಳಿದರು. ಮಳೆಗಾಲದಲ್ಲಿ ಮುರುಮು ನಿಲ್ಲುವುದಿಲ್ಲವೆಂದು ನಾನು ವಾದಿಸಿದೆ, ಆಕ್ಷೇಪ ಬರೆದೂ ಕೊಟ್ಟೆ. ಮಳೆಗೆ ಮೊದಲೇ ಕಲ್ಲು ತೆಗೆದು ಮುಗಿಸೋಣ ಎಂದರು. ಅವರು ಹೇಳಿದಂತೆ ಗೋಡೆಯನ್ನು ನೆಟ್ಟಗೇ ಕಡಿದೆವು. ಆದರೆ ಯಾವ ಗಣಿ ಹೇಳಿದ ಹೊತ್ತಿಗೆ ಮುಗಿದಿದೆ?

ಗಣಿಯ ಅಂಚಿಗೇ ಒಬ್ಬ ಹೆಂಗಸಿನ ಹೊಲವಿತ್ತು. ಲಿಂಗವಂತರ ಮನೆತನದಾಕೆ, ಗಂಡ ತೀರಿದ ಮೇಲೆ ತಾನೇ ಮುಂದೆ ನಿಂತು ಬೇಸಾಯ ಮಾಡಿಸುತ್ತಿದ್ದಳು. ಪ್ರತಿವರ್ಷ ಜೋಳ ಬೆಳೆಯುವ ಆ ಹೊಲವನ್ನು ನಮ್ಮ ಕಚೇರಿಯ ಹಳೆಯ ಜಮೀನು ನಕ್ಷೆಯಲ್ಲಿ ಪಡಾ ಜಮೀನು, ಅಂದರೆ ಪಾಳು ಭೂಮಿ ಎಂದು ತೋರಿಸಿದ್ದರು. ಆಕೆಯ ಬಾವಿ ಇದ್ದದ್ದು ಗೋಡೆಯ ನೆತ್ತಿಯ ಹತ್ತಿರ. ಅದರ ನೀರನ್ನೇ ನಾವೆಲ್ಲ ಕುಡಿಯುತ್ತಿದ್ದೆವು.

ಮಳೆ ಹಿಡಿದ ವಾರದಲ್ಲೇ ಒಂದು ಮುಂಜಾನೆ ಗೋಡೆ ಜಾರಿತು. ಕೂಲಿಯವರು ಇನ್ನೂ ಕೆಳಗೆ ಇಳಿದಿರಲಿಲ್ಲ, ಅಷ್ಟೇ ಪುಣ್ಯ. ಹೊಲದ ಅಂಚು, ಬಾವಿಯ ಒಂದು ಮಗ್ಗಲು, ನೀರೆತ್ತುವ ಕಂಬಗಳು ಎಲ್ಲ ಗಣಿಯೊಳಗೆ ಬಿದ್ದಿದ್ದವು.

ಮರುದಿನ ಆಕೆ ಗಣಿಯ ದಾರಿಗೆ ಅಡ್ಡಲಾಗಿ ಬಂಡಿ ನಿಲ್ಲಿಸಿ, ಎತ್ತು ಬಿಚ್ಚಿ ಕೂತಳು. ಲಾರಿಗಳು ನಿಂತವು. ಸಾಹೇಬರು ಬಂದರು. ಇದು ಮಳೆಯ ಕೆಲಸ, ದೇವರ ಇಚ್ಛೆ, ಯಾರೂ ಇದಕ್ಕೆ ಜವಾಬ್ದಾರರಲ್ಲ ಎಂದು ಆಕೆಗೆ ಕನ್ನಡದಲ್ಲಿ ತಿಳಿಸಿ ಹೇಳುವಂತೆ ನನಗೆ ಅಪ್ಪಣೆ ಮಾಡಿದರು.

ನನ್ನ ಮೈ ಉರಿಯಿತು. ಕಾಗದದ ಮೇಲೆ ಗೆರೆ ಎಳೆದು ಬಾವಿ ಕೆಡವಿದವರು ಈಗ ದೇವರ ಮೇಲೆ ಹಾಕುತ್ತಿದ್ದರು. ಅದನ್ನೂ ನನ್ನ ಬಾಯಿಂದ ಆಡಿಸಬೇಕಿತ್ತು.

“ಅವ್ವಾ, ಮಳಿ ಮಾಡ್ಯದ ಅಂತ ಹೇಳು ಅಂದಾರ ಸಾಹೇಬ್ರು,” ಎಂದೆ. “ಮಳಿ ಮಾಡಿಲ್ರೀ. ಗ್ವಾಡಿ ನೆಟ್ಟಗ ಕಡದೀವಿ, ಅದಕ್ಕ ಬಿದ್ದದ. ಪಾವಟಗಿ ಬಿಡಬೇಕಂತ ನಾ ಬರದಿದ್ದೆ. ಖರ್ಚ ಹೆಚ್ಚಾಗ್ತದಂತ ತಗದಾರ.”

ಆಕೆ ನನ್ನ ಮುಖವನ್ನೇ ನೋಡಿದಳು. “ಇದನ್ನ ನಾಕ ಮಂದಿ ಮುಂದ ಹೇಳ್ತಿ ಏನಪ್ಪಾ?”

“ಹೇಳ್ತೀನ್ರೀ.”

ಆಕೆ ಸಾಹೇಬರತ್ತ ತಿರುಗಿ, ನಾನು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಉರ್ದುವಿನಲ್ಲಿ ಅವರಿಗೇ ಹೇಳಿದಳು. ಕಚೇರಿ ವ್ಯವಹಾರವೆಲ್ಲ ಉರ್ದುವಿನಲ್ಲಿದ್ದ ನಿಜಾಮನ ಕಾಲದಲ್ಲಿ ಹೊಲದ ತಕರಾರಿಗಾಗಿ ನಿಲಂಗಾದ ತಾಲೂಕು ಕಚೇರಿಗೆ ಅಲೆದವಳು ಆಕೆ. ಆ ಭಾಷೆ ಆಕೆಗೆ ಬರುವುದಿಲ್ಲವೆಂದು ಸಾಹೇಬರು ತಾವೇ ಅಂದುಕೊಂಡಿದ್ದರು. ಅವರ ಮುಖ ಕಪ್ಪಿಟ್ಟಿತು.

ಊರ ಹಿರಿಯರು ಕೂಡಿದಾಗ ನಾನು ಮಾತು ಬದಲಿಸಲಿಲ್ಲ. ಗುತ್ತಿಗೆಯವರೇ ಹೊಲದ ಆಚೆಯ ಮೂಲೆಯಲ್ಲಿ ಹೊಸ ಬಾವಿ ತೋಡಿಸಿ ಕಲ್ಲು ಕಟ್ಟಿಸಿಕೊಡಬೇಕೆಂದು ತೀರ್ಮಾನವಾಯಿತು. ಮೊದಲ ಗುದ್ದಲಿ ಬೀಳುವವರೆಗೆ ಆಕೆಯ ಬಂಡಿ ಕದಲಲಿಲ್ಲ. ಗಣಿಗೂ ಕೊನೆಗೆ ಪಾವಟಿಗೆ ಕಡಿಸಿದರು. ಕುಸಿದ ಕೆಸರನ್ನು ಆಳದಿಂದ ಎತ್ತಿಸಲು ಆದ ಖರ್ಚು, ಮಣ್ಣನ್ನು ಮೊದಲೇ ಸರಿಸುವ ಖರ್ಚನ್ನು ಎಲ್ಲೋ ಮೀರಿ ಹೋಯಿತು.

ನನ್ನನ್ನು ಯೆಣೆಗೂರ ಕಡೆಯ ರಸ್ತೆಗೆ ಡಾಂಬರು ಪೀಪಾಯಿ ಕಾಯಲು ಕಳಿಸಿದರು. ಸಾಹೇಬರಿಗೆ ಬಡ್ತಿ ಸಿಕ್ಕಿತು. ಆ ಹೆಚ್ಚಿನ ಖರ್ಚಿಗೆ ಅವರು ಮೇಲಿನವರಿಗೆ ಬರೆದುಕೊಟ್ಟ ಕಾರಣ ಅತಿವೃಷ್ಟಿ. ಆ ವರ್ಷ ಬಿದ್ದದ್ದು ಎಂದಿನ ಮಳೆಯೇ ಎಂದು ವಲಾಂಡಿಯಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಕೇಳಲು ಯಾರೂ ಬರಲಿಲ್ಲ.