ಹಸಿರು ಪೊಟ್ಟಣ ಇಲ್ಲದ ಯಂತ್ರ

ರುಯ್‌ಲಿನ್ ನಮ್ಮ ಕಂಪನಿಯ ಸರ್ವರ್‌ಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ, ಆದರೆ ಅವುಗಳ ಮುಖ ನೋಡಿ ಎಷ್ಟೋ ವರ್ಷವಾಗಿತ್ತು. ಬಂದರು ನಗರ ಕಾವ್‌ಶುಂಗ್‌ನ ಹಳೆಯ ಮಾರುಕಟ್ಟೆಯ ಹಿಂದೆ, ಲಿಫ್ಟ್ ಇಲ್ಲದ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ ಅವನ ಮನೆ. ಸ್ಕೂಟರಿಗೆ ಟ್ರಕ್ಕು ಗುದ್ದಿದ ಮೇಲೆ ಎಡಗಾಲು ನೆಟ್ಟಗಾಗಲೇ ಇಲ್ಲ. ಒಮ್ಮೆ ಮೆಟ್ಟಿಲಿಳಿದರೆ ಮತ್ತೆ ಹತ್ತುವುದು ಅರ್ಧ ದಿನದ ಕೆಲಸ. ಕೆಳಗಿನ ಅಂಗಡಿಯವಳು ಊಟದ ಡಬ್ಬಿಯನ್ನು ಹಗ್ಗದ ಬುಟ್ಟಿಯಲ್ಲಿಟ್ಟರೆ ಇವನು ಮೇಲಿನಿಂದ ಎಳೆದುಕೊಳ್ಳುತ್ತಿದ್ದ. ಊರಾಚೆಯ ತಣ್ಣನೆಯ ಕೋಣೆಯಲ್ಲಿ ಸಾಲಾಗಿ ನಿಂತ ಯಂತ್ರಗಳಿಗೆ ಮನೆಯಿಂದಲೇ ಅಪ್ಪಣೆ ಕೊಡುತ್ತಿದ್ದ. ನಾನು ಆಫೀಸಿನಲ್ಲಿ ಗಿರಾಕಿಗಳ ಫೋನ್ ಎತ್ತುವವಳು. ಯಾವುದೇ ಜಾಲತಾಣ ನಿಂತರೂ ಬೈಗುಳ ಮೊದಲು ನನ್ನ ಕಿವಿಗೆ, ಆಮೇಲೆ ಅವನ ಕಿವಿಗೆ.

ಯಂತ್ರದ ತಲೆಯ ಮೇಲೆ ಜೋಳದ ಕುರುಕಲಿನ ಹಸಿರು ಪೊಟ್ಟಣ ಇಡದೆ ನಮ್ಮಲ್ಲಿ ಯಾರೂ ಸರ್ವರ್ ನಡೆಸುವುದಿಲ್ಲ. ಹಸಿರೇ ಆಗಬೇಕು, ಬೇರೆ ಬಣ್ಣದ್ದಿಟ್ಟರೆ ಯಂತ್ರ ರಚ್ಚೆ ಹಿಡಿಯುತ್ತದಂತೆ. ಅದನ್ನು ತಿನ್ನುವಂತಿಲ್ಲ, ತಾರೀಕು ಮುಗಿಯುವಂತಿಲ್ಲ. ದೊಡ್ಡ ದೊಡ್ಡ ಇಂಜಿನಿಯರುಗಳೂ ನಾಚಿಕೆಯಿಲ್ಲದೆ ಇಡುತ್ತಾರೆ. ರುಯ್‌ಲಿನ್‌ಗೆ ಅದರಿಂದ ಇನ್ನೊಂದು ಉಪಯೋಗವೂ ಇತ್ತು. ಪೊಟ್ಟಣ ಇರುವ ಯಂತ್ರ ಕೆಲಸದಲ್ಲಿದೆ, ಮುಟ್ಟಬಾರದು. ಇಲ್ಲದ್ದು ಖಾಲಿ. ಕೋಣೆಯಲ್ಲಿರುವ ಹುಡುಗನಿಗೆ ಫೋನಿನಲ್ಲಿ ಅಷ್ಟು ಹೇಳಿದರೆ ಸಾಕಾಗುತ್ತಿತ್ತು.

ಆ ಯಂತ್ರಗಳಲ್ಲೊಂದು ತುಂಗ್‌ಕಾಂಗ್‌ನ ಮೀನುಗಾರರ ಸಂಘದ್ದು. ದೂರದ ಸಮುದ್ರಕ್ಕೆ ಹೋದ ದೋಣಿಗಳು ವರ್ಷವಾದರೂ ಬರುವುದಿಲ್ಲ. ದಾರಿಯಲ್ಲಿ ಸಿಗ್ನಲ್ ಸಿಕ್ಕಾಗ ಗಂಡಸರು ಮಾತಾಡಿ ಕಳಿಸುತ್ತಾರೆ, ಮನೆಯವರು ತಾಣ ತೆರೆದು ಕೇಳಿಸಿಕೊಳ್ಳುತ್ತಾರೆ. ಹೊಸ ಧ್ವನಿ ಬಂದರೆ ಹಳೆಯದು ಅಳಿಯುವಂತೆ ಏರ್ಪಾಡು ಮಾಡಿದ್ದರು. ಸುಚಿನ್ ಎಂಬ ಹೆಂಗಸಿನ ಗಂಡ ಮಿಂಗ್‌ಹುಯ್ ಒಂದು ದೋಣಿಯ ಇಂಜಿನ್ ನೋಡಿಕೊಳ್ಳುತ್ತಿದ್ದ. ಆ ದೋಣಿ ಹಿಂತಿರುಗಲಿಲ್ಲ. ಉಳಿದ ಕೂಲಿಗಳು ಇಂಡೊನೇಷ್ಯಾದವರು, ಅವರ ಮನೆಯವರಿಗೆ ಈ ತಾಣದ ಹೆಸರೂ ಗೊತ್ತಿರಲಿಲ್ಲ. ಮಿಂಗ್‌ಹುಯ್ ಕಳಿಸಿದ ಕೊನೆಯ ಧ್ವನಿ ಮಾತ್ರ ನಮ್ಮ ಯಂತ್ರದಲ್ಲಿ ಉಳಿಯಿತು. ಸುಚಿನ್ ದಿನಾ ಸಂಜೆ ಅನ್ನಕ್ಕಿಟ್ಟು ಅದನ್ನು ಕೇಳುತ್ತಿದ್ದಳು. ಧ್ವನಿ ಬರುವುದು ಸ್ವಲ್ಪ ತಡವಾದರೆ ಫೋನು. ಕೊನೆಕೊನೆಗೆ ನನ್ನನ್ನು ಬಿಟ್ಟು ನೇರ ರುಯ್‌ಲಿನ್‌ಗೇ ಮಾಡುತ್ತಿದ್ದಳು, ಅವನು ನನ್ನನ್ನೂ ಆ ಕರೆಗೆ ಸೇರಿಸಿಕೊಳ್ಳುತ್ತಿದ್ದ.

"ತಮ್ಮಾ, ಇವತ್ತು ನಮ್ಮನೆಯವ್ರು ಮಧ್ಯದಲ್ಲೇ ಮಾತು ನಿಲ್ಲಿಸ್ತಾರಲ್ಲಪ್ಪ."

"ಅವ್ರಲ್ಲ ಅಕ್ಕ ನಿಲ್ಲಿಸ್ತಿರೋದು, ಯಂತ್ರಕ್ಕೆ ವಯಸ್ಸಾಯ್ತು. ಒಂದೈದು ನಿಮಿಷ ಕೊಡಿ."

"ನನ್ನ ತಂಗಿ ಮಗಳು ಅದನ್ನ ಫೋನಿಗೆ ಇಳಿಸಿಕೊಡ್ತೀನಿ ಅಂತಾಳೆ. ಇಳಿಸ್ಕೊಳ್ಲಾ?"

"ನೀವು ಮೀನು ತೊಳೆಯೋ ಬಕೆಟ್ಟಿಗೆ ಎಷ್ಟು ಫೋನು ಬೀಳಿಸಿದೀರಿ, ನೆನಪಿದೆಯಾ? ನಮ್ಮಲ್ಲಿದ್ರೆ ಎಲ್ಲಿಗೂ ಹೋಗಲ್ಲ. ನಾನಿದೀನಲ್ಲ."

ಜಂಬಕ್ಕೆ ಹೇಳಿದ ಮಾತಲ್ಲ ಅದು, ಅವನು ನಂಬಿದ್ದ. ಆ ಯಂತ್ರದಲ್ಲಿ ಏನೇ ರಿಪೇರಿ ಮಾಡಿದರೂ ಮೊದಲು ಮಿಂಗ್‌ಹುಯ್ ಧ್ವನಿಯನ್ನೇ ಹಾಕಿ ನೋಡುತ್ತಿದ್ದ. ಅದು ಸರಿಯಾಗಿ ಕೇಳಿಸಿದರೆ ಎಲ್ಲ ಸರಿ ಇದೆ ಎಂದರ್ಥ.

ಯಂತ್ರದ ಒಳಗಿನ ವ್ಯವಸ್ಥೆ ತೀರ ಹಳತಾಗಿ ಅಂತರ್ಜಾಲದ ಕಳ್ಳರು ನುಗ್ಗತೊಡಗಿದಾಗ ಎಲ್ಲವನ್ನೂ ಹೊಸ ಯಂತ್ರಕ್ಕೆ ಸಾಗಿಸಬೇಕಾಯಿತು. ಹೊಸದೆಂದರೆ ಬೇರೆ ಗಿರಾಕಿ ಬಿಟ್ಟುಹೋದದ್ದು, ಹಳೆಯದರದೇ ಕಂಪನಿ, ಅದೇ ಬಣ್ಣ, ಪಕ್ಕದಲ್ಲೇ ಇತ್ತು. ಮೊದಲು ಅದನ್ನು ಅಳಿಸಿ ಹೊಸ ವ್ಯವಸ್ಥೆ ಹಾಕಬೇಕು, ಆಮೇಲೆ ಧ್ವನಿಗಳನ್ನು ಸಾಗಿಸಬೇಕು. ನಕಲುಗಳನ್ನು ಇಡಲು ಬೇರೆ ಜಾಗ ಕೊಡಿ ಎಂದು ರುಯ್‌ಲಿನ್ ನಮ್ಮ ಯಜಮಾನರಲ್ಲಿ ಗೋಗರೆದಿದ್ದ. "ಇಲ್ಲೀವರೆಗೂ ಏನಾದ್ರೂ ಸುಟ್ಟಿದೆಯಾ?" ಎಂದು ಆ ಪುಣ್ಯಾತ್ಮ ಕೇಳಿದ್ದರು. ನಕಲು ಇದ್ದದ್ದು ಅದೇ ಹಳೆಯ ಯಂತ್ರದ ಇನ್ನೊಂದು ಡಿಸ್ಕಿನಲ್ಲಿ.

ಚಂಡಮಾರುತದ ರಜೆ ಘೋಷಣೆಯಾದ ದಿನ ಕೆಲಸಕ್ಕಿಳಿದರು. ಅಂಥ ದಿನ ಗಿರಾಕಿಗಳ ಕಾಟ ಕಡಿಮೆ. ಯಂತ್ರದ ಕೋಣೆಯಲ್ಲಿ ಬೊಯೆನ್ ಇದ್ದ, ಒಳ್ಳೆಯ ಹುಡುಗ, ದೇವರ ಭಯ ಇರುವವನು. ನಾನು ನಮ್ಮ ಮನೆಯಿಂದ ಅದೇ ಕರೆಯಲ್ಲಿದ್ದೆ.

"ಅಣ್ಣ, ಊರೆಲ್ಲ ಬೆಚ್ಚಗೆ ನೂಡಲ್ಸ್ ತಿಂತಾ ಕೂತಿದೆ. ನಾನೊಬ್ಬ ಇಲ್ಲಿ ನಡುಗ್ತಿದೀನಿ."

"ನೀನು ನಡುಗು, ಕೈ ನಡುಗದಿದ್ರೆ ಸಾಕು. ಕೇಳಿಸ್ಕೋ. ಪೊಟ್ಟಣ ಇರೋದನ್ನ ಮುಟ್ಟಬೇಡ. ಇಲ್ದೇ ಇರೋದನ್ನ ಪೂರ್ತಿ ಅಳಿಸು, ಎರಡು ಡಿಸ್ಕೂ."

"ಪೊಟ್ಟಣ ಇರೋದು ಬಿಟ್ಟು ಇನ್ನೊಂದು. ಆಯ್ತಣ್ಣ."

ಸ್ವಲ್ಪ ಹೊತ್ತಿಗೆ ರುಯ್‌ಲಿನ್‌ನ ಪರದೆಯಲ್ಲಿ ಹಳೆಯ ಯಂತ್ರದ ಸಂಪರ್ಕ ಕಡಿದುಹೋಯಿತು. ಹೊರಗೆ ತಗಡುಗಳು ಹಾರುತ್ತಿದ್ದವು, ನಮ್ಮ ಬೀದಿಯಲ್ಲೂ ಕರೆಂಟು ಬಂದು ಹೋಗಿ ಮಾಡುತ್ತಿತ್ತು. "ಗಾಳಿಗೆ ಲೈನ್ ಹೋಗಿರಬೇಕು, ಬರತ್ತೆ," ಎಂದ. ನಾವು ಕಾದೆವು. ಬೊಯೆನ್‌ನ ಹಸಿವನ್ನು, ಅವನ ಬಾಸ್ಕೆಟ್‌ಬಾಲ್ ತಂಡದ ಸೋಲನ್ನು ಆಡಿಕೊಂಡು ನಕ್ಕೆವು.

"ಮುಗೀತಣ್ಣ," ಎಂದ ಬೊಯೆನ್ ಕೊನೆಗೆ. "ಇನ್ನೊಂದು ವಿಷ್ಯ. ಹಳೇ ಪೊಟ್ಟಣದ ತಾರೀಕು ಮುಗಿದುಹೋಗಿತ್ತು. ಬೆಳಿಗ್ಗೆ ಬಂದವನೇ ಅದನ್ನ ಎಸೆದು ಹೊಸದಿಟ್ಟೆ."

"ಎಲ್ಲಿಟ್ಟೆ?"

"ಹೊಸ ಯಂತ್ರದ ಮೇಲೆ. ಪಾಪ, ಅದಕ್ಕೆ ಮೊದಲ ದಿನ ಅಲ್ವಾ?"

"ಅಣ್ಣ? ಅಣ್ಣ, ಯಾಕೆ ಮಾತಾಡ್ತಿಲ್ಲ?" ಎಂದು ಬೊಯೆನ್ ಕೇಳುತ್ತಲೇ ಇದ್ದ. ಅಳಿಸಿದ್ದು ಹಳೆಯ ಯಂತ್ರವನ್ನೇ ಎಂದು ಅವನಿಗೆ ನಾನೇ ಹೇಳಬೇಕಾಯಿತು.

ಡಿಸ್ಕುಗಳನ್ನು ತೈಪೆಯ ಪರಿಣತರಿಗೆ ಕಳಿಸಿದೆವು, ಅವರು ಕೈ ಚೆಲ್ಲಿದರು. ಸಂಘದವರ ಧ್ವನಿಗಳೆಲ್ಲ ಹೋಗಿದ್ದವು, ಆದರೆ ಬೇರೆ ಗಂಡಸರು ಮುಂದಿನ ಬಂದರಿನಿಂದ ಮತ್ತೆ ಮಾತಾಡಿ ಕಳಿಸಿದರು. ಚಂಡಮಾರುತದಿಂದ ಹಾಳಾಯಿತು ಅಂತ ಹೇಳಿಬಿಡಿ ಎಂದು ಯಜಮಾನರು ನನಗೆ ಉಪದೇಶ ಮಾಡಿದರು. ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯುವುದಿಲ್ಲ. ರುಯ್‌ಲಿನ್ ಮಾತ್ರ ನನ್ನನ್ನು ಕರೆದು, "ಷಿಯೆ ಅಕ್ಕ, ನೀವು ಜೊತೆಗೆ ಬರ್ತೀರಾ? ನಾನೇ ಹೋಗಿ ಹೇಳ್ತೀನಿ," ಎಂದ.

ಅವನು ಮೆಟ್ಟಿಲಿಳಿಯುವುದನ್ನು ನೋಡಲು ನನ್ನಿಂದಾಗಲಿಲ್ಲ. ಗೋಡೆಗೆ ಆತುಕೊಂಡು, ಮೆಟ್ಟಿಲಿಗೊಮ್ಮೆ ನಿಂತು, ಬೆವರು ಒರೆಸಿಕೊಳ್ಳುತ್ತ ಇಳಿದ. ತುಂಗ್‌ಕಾಂಗ್‌ನ ಸಣ್ಣ ಮನೆಯಲ್ಲಿ ಸುಚಿನ್ ನಮಗೆ ಪೇರಲೆ ಹಣ್ಣು ಹೆಚ್ಚಿಟ್ಟಳು. ಅವನನ್ನು ಕಣ್ಣಾರೆ ನೋಡಿದ್ದಕ್ಕೆ ಆ ತಾಯಿಗೆ ಹಿಗ್ಗೋ ಹಿಗ್ಗು. ಹಿಂದಿನ ಕೋಣೆಯಲ್ಲಿ ಒಂದು ಫ್ಯಾನು ಕಿರುಗುಟ್ಟುತ್ತ ತಿರುಗುತ್ತಿತ್ತು. ರುಯ್‌ಲಿನ್ ಒಂದನ್ನೂ ಮುಚ್ಚಿಡದೆ, ಬೊಯೆನ್ ಮೇಲೆ ಹಾಕದೆ ಹೇಳಿದ.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಹಣ್ಣಿನ ತಟ್ಟೆಯನ್ನು ಆಚೆ ಸರಿಸಿ, "ನೀನು ಅದನ್ನ ಕೇಳಿದೀಯಾ?" ಎಂದಳು.

"ಕೇಳಿದೀನಿ ಅಕ್ಕ. ಎಷ್ಟು ಸಲ ಅಂತ ಗೊತ್ತಿಲ್ಲ. ಬಾಯಿಗೆ ಬರತ್ತೆ."

"ಹಾಗಾದ್ರೆ ಹೇಳು."

ಅವನು ನನ್ನ ಮುಖ ನೋಡಿದ. ಆಮೇಲೆ ನೆಲ ನೋಡುತ್ತ ಹೇಳಿದ: "ಸುಚಿನ್, ಹಿಂದಿನ ಕೋಣೆ ಫ್ಯಾನು ಇನ್ನೂ ಕಿರುಗುಟ್ಟತ್ತಾ? ನೀನು ಸ್ಟೂಲ್ ಹತ್ತಬೇಡ, ನಾನೇ ಬಂದು ನೋಡ್ತೀನಿ. ಇಲ್ಲಿ ಮೀನು ಬೀಳ್ತಿಲ್ಲ. ನೀನು ಕೊಟ್ಟ ಮೂಲಂಗಿ ಉಪ್ಪಿನಕಾಯಿ ಮುಗೀತು." ಇಲ್ಲಿ ಕೆಮ್ಮಿದ, ಮಿಂಗ್‌ಹುಯ್ ಕೆಮ್ಮಿದಲ್ಲೇ. "ಅಡುಗೆಯವನು ಕೂಗ್ತಿದಾನೆ. ಇಡ್ತೀನಿ."

ಸುಚಿನ್ ಏಪ್ರನ್ನಿನ ತುದಿಯನ್ನು ಬಾಯಿಗೊತ್ತಿಕೊಂಡಳು. "ಕೆಮ್ಮು ಇನ್ನೂ ಸ್ವಲ್ಪ ಜೋರು," ಎಂದಳು.

ಅವತ್ತಿನಿಂದ ದಿನಾ ಸಂಜೆ ಅವಳ ಫೋನು ಅವನಿಗೆ ಬರುತ್ತಿತ್ತು, ಅವನು ಹೇಳುತ್ತಿದ್ದ. ಕೈಯಲ್ಲಿ ಯಾವ ಕೆಲಸವಿದ್ದರೂ ಬಿಟ್ಟು ಹೇಳುತ್ತಿದ್ದ. ಜ್ವರ ಬಂದ ದಿನವೂ ತಪ್ಪಿಸಲಿಲ್ಲ. ಅವಳು ತಿದ್ದುತ್ತಿದ್ದಳು, ಇವನು ಪಾಠ ಒಪ್ಪಿಸಿದಂತೆ ಮತ್ತೆ ಹೇಳುತ್ತಿದ್ದ. ಇದು ಒಳ್ಳೆಯದಕ್ಕಲ್ಲ ಎಂದು ಒಮ್ಮೆ ಬಾಯಿ ಬಿಟ್ಟೆ. "ಬೇರೆ ಇನ್ನೇನಿದೆ ಅಕ್ಕ ನನ್ನ ಹತ್ರ ಕೊಡೋಕೆ?" ಎಂದ.

ಚಳಿಗಾಲ ಶುರುವಾದ ಮೇಲೆ ಒಂದು ದಿನ ಸುಚಿನ್ ಆಫೀಸಿಗೆ ಫೋನ್ ಮಾಡಿದಳು. ರುಯ್‌ಲಿನ್‌ಗೆ ಕರೆ ಜೋಡಿಸಲೇ ಎಂದೆ. ಬೇಡ ಎಂದಳು.

"ನೀನೇ ಹೇಳಮ್ಮ ಅವನಿಗೆ. ಇನ್ನು ಬೇಡ ಅಂತ. ಬೇಜಾರು ಮಾಡ್ಕೋಬೇಡ ಅನ್ನು."

"ಯಾಕಕ್ಕ, ಏನಾದ್ರೂ ಅಂದ್ನಾ?"

"ಇಲ್ಲಮ್ಮ, ಬಂಗಾರದಂಥ ಹುಡುಗ. ಮೊನ್ನೆ ಒಬ್ಳೇ ಕೂತು ನಮ್ಮನೆಯವ್ರ ಧ್ವನಿ ನೆನೆಸ್ಕೊಂಡೆ. ಬಂದಿದ್ದು ಅವನ ಧ್ವನಿ. ಎಷ್ಟು ನೆನೆಸ್ಕೊಂಡ್ರೂ ಅವಂದೇ ಬರ್ತಿದೆ."

ಆ ಸಂಜೆ ನಾನು ನಾಲ್ಕು ಮಹಡಿ ಹತ್ತಿ ಹೋದೆ. ಫೋನಿನಲ್ಲಿ ಹೇಳುವ ಮಾತಲ್ಲ ಅದು. ಅವನು ಫೋನನ್ನು ಮುಂದಿಟ್ಟುಕೊಂಡು ಅವಳ ಕರೆಗೆ ಕಾಯುತ್ತ ಕೂತಿದ್ದ. ಅವಳು ಅಂದದ್ದನ್ನೆಲ್ಲ ಹೇಳಿದೆ. ತಲೆಯಾಡಿಸಿದ. ಫೋನನ್ನು ಮಗುಚಿಟ್ಟ.

"ಹಾಗಾದ್ರೆ ಈಗ ಅವ್ರ ಧ್ವನಿ ಎಲ್ಲೂ ಇಲ್ಲ, ಅಲ್ವಾ ಅಕ್ಕ?" ಎಂದ.

ನಾನು ಹೂಂ ಎಂದೆ.