ಜೂನ್ ಒಂದರಂದು ಹುಟ್ಟಿದವರು

ನನ್ನ ಕೈಯಲ್ಲಿ ಹುಟ್ಟಿದ ಮಕ್ಕಳೆಲ್ಲ ಜೂನ್ ಒಂದರಂದೇ ಹುಟ್ಟಿದವರು. ನಾನು ಸೂಲಗಿತ್ತಿಯಲ್ಲ, ಸರ್ಕಾರಿ ಶಾಲೆಯ ಟೀಚರು. ದೇವದುರ್ಗ ತಾಲ್ಲೂಕಿನಲ್ಲಿ, ಅರಕೇರಾದ ಆಚೆಗಿನ ಒಂದು ಹಳ್ಳಿಯಲ್ಲಿ ವರ್ಷಗಟ್ಟಲೆ ದಾಖಲಾತಿ ರಿಜಿಸ್ಟರು ಬರೆದವಳು. ಕೂಲಿಗೆ ಹೋಗುವ ತಾಯಂದಿರಿಗೆ ತಾರೀಖು ಎಲ್ಲಿ ನೆನಪಿರುತ್ತಿತ್ತು? ಶಾಲೆ ಶುರುವಾಗುವುದು ಜೂನಿನಲ್ಲಿ. ಆರು ವರ್ಷ ಹಿಂದಕ್ಕೆ ಎಣಿಸಿ ಜೂನ್ ಒಂದು ಎಂದು ಗೀಚಿದರೆ ಮುಗಿಯಿತು. ನಮ್ಮ ಕಡೆಯ ಮಾಸ್ತರರೆಲ್ಲ ಹಾಗೇ ಮಾಡುತ್ತಿದ್ದರು. ನನ್ನ ಹುಟ್ಟಿದ ದಿನವೂ ಅದೇ.

ಒಂದು ವರ್ಷ ಒಂದನೇ ತರಗತಿಗೆ ಮಕ್ಕಳು ಕಡಿಮೆ ಬಿದ್ದರು. ಆಗ ಒಬ್ಬ ತಾಯಿ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು.

“ಇನ್ನಾ ಐದು ತುಂಬಿಲ್ರಿ ಟೀಚರ. ಹತ್ತಿ ಬಿಡಿಸಾಕತ್ತಿದ್ದಾಗ ಹುಟ್ಯಾಳ. ಹೊಲಕ್ಕ ಎತ್ಗೊಂಡು ಹೋಗಾಕ ಆಗವಲ್ದು. ಸಾಲ್ಯಾಗ ಕುಂಡ್ರಿಸ್ಕೊಳ್ರಿ, ಒಂದೊತ್ತು ಉಣ್ತದ.”

ಐದು ತುಂಬಿರಲಿಲ್ಲ, ನಾನು ಆರು ತುಂಬಿಸಿದೆ. ಕರುಣೆಯಿಂದ ಮಾಡಿದೆ ಅಂತ ಎಷ್ಟೋ ಜನರ ಮುಂದೆ ಹೇಳಿಕೊಂಡಿದ್ದೇನೆ. ಸುಳ್ಳು. ಮಕ್ಕಳು ಕಡಿಮೆಯಾದರೆ ಒಂದು ಹುದ್ದೆ ಹೋಗುತ್ತಿತ್ತು, ಅದು ನನ್ನದೇ ಆಗಿತ್ತು.

ನಿವೃತ್ತಿಯಾಗಿ ರಾಯಚೂರಿಗೆ ಬಂದ ಮೇಲೆ ಉಚಿತ ಕಾನೂನು ನೆರವಿನ ಸ್ವಯಂಸೇವಕಿಯಾದೆ. ಮಕ್ಕಳ ರಕ್ಷಣಾ ನೀತಿಯ ಪುಸ್ತಿಕೆ ಹಿಡಿದು ಶಾಲೆ, ಹಾಸ್ಟೆಲು ತಿರುಗಿದ್ದೇ ತಿರುಗಿದ್ದು. ಅದರ ಮೊದಲ ಸಾಲು ನನಗೆ ಬಾಯಿಪಾಠ: ಹದಿನೆಂಟು ತುಂಬದವರೆಲ್ಲ ಮಕ್ಕಳು. ಮಕ್ಕಳ ಮೈಮೇಲೆ ಕೈ ಹಾಕಿದವನು ‘ಆಕೆಯೂ ಒಪ್ಪಿದ್ದಳು’ ಎಂದರೆ ಕಾನೂನು ಕೇಳುವುದಿಲ್ಲ. ಇದನ್ನು ನಾನು ಎದೆಯುಬ್ಬಿಸಿ ಹೇಳುತ್ತಿದ್ದೆ.

ಮಾನ್ವಿಯ ಒಂದು ಖಾಸಗಿ ಹಾಸ್ಟೆಲಿನಲ್ಲಿ ಹೀಗೇ ಹೇಳಿ ಮುಗಿಸಿದಾಗ ನಡುವೆ ಒಂದು ವರ್ಷ ನಪಾಸಾಗಿ ಪಿಯುಸಿ ಎರಡನೇ ವರ್ಷ ಓದುತ್ತಿದ್ದ ಹುಡುಗಿಯೊಬ್ಬಳು ಹಿಂದೆ ಉಳಿದಳು.

“ನನ್ನ ಗುರ್ತು ಹತ್ತಿತೇನ್ರಿ ಟೀಚರ?”

ಹತ್ತಲಿಲ್ಲ. ಊರು, ತಾಯಿಯ ಹೆಸರು ಹೇಳಿದ ಮೇಲೆ ಹತ್ತಿತು. ಸೊಂಟದ ಮೇಲೆ ಕೂತು ಬಂದಿದ್ದವಳು. ಹಾಸ್ಟೆಲಿನ ಮ್ಯಾನೇಜರು ಎರಡು ತಿಂಗಳಿಂದ ತನಗೆ ಏನು ಮಾಡುತ್ತಿದ್ದಾನೆ ಎಂದು ನೆಲ ನೋಡುತ್ತ ಹೇಳಿದಳು. “ಯಾರ ಮುಂದನೂ ಅಂದಿಲ್ರಿ. ನೀವಂತ ಹೇಳಾಕತ್ತೀನಿ.” ಮರುದಿನವೇ ದೂರು ಕೊಡಿಸಿದೆ. ಅವನನ್ನು ಹಿಡಿದು ಒಳಗೆ ಹಾಕಿದರು.

ಅವನ ವಕೀಲರು ಎರಡೇ ಮಾತು ಹೇಳಿದರು: ಹುಡುಗಿ ತಾನಾಗಿ ಬಂದಳು, ಹುಡುಗಿಗೆ ಹದಿನೆಂಟು ತುಂಬಿದೆ. ತಾಯಿಯ ಪ್ರಕಾರ ಹದಿನಾರೂವರೆ. ನನ್ನ ರಿಜಿಸ್ಟರಿನ ಪ್ರಕಾರ ಹದಿನೆಂಟು ವರ್ಷ ಎರಡು ತಿಂಗಳು. ಮನೆಯಲ್ಲಿ ಹುಟ್ಟಿದವಳಿಗೆ ಬೇರೆ ಕಾಗದ ಎಲ್ಲಿಂದ ಬರಬೇಕು? ಹತ್ತನೆಯ ಅಂಕಪಟ್ಟಿಯಲ್ಲೂ ಇದ್ದದ್ದು ನಾನು ಬರೆದ ತಾರೀಖೇ.

ಸರ್ಕಾರಿ ವಕೀಲರು ನನ್ನನ್ನು ಕರೆಸಿ ಹೇಳಿದರು: “ಅಂದಾಜಿನ ಮ್ಯಾಲ ಬರ್ದೀನಿ ಅಂತ ಇದ್ದದ್ದು ಇದ್ದಂಗ ಹೇಳ್ರಿ ಮೇಡಂ. ಅಷ್ಟರ ಮ್ಯಾಲನ ಕೇಸ್ ನಿಂತದ.”

ಹೇಳುತ್ತೇನೆ ಎಂದೆ. ಹೇಳಬೇಕೆಂದೇ ಇದ್ದೆ. ಅಷ್ಟರಲ್ಲಿ ಹಳೆಯ ಸಹೋದ್ಯೋಗಿಯೊಬ್ಬರ ಫೋನು ಬಂತು. “ಒಂದ್ ಹೆಸರಿಗಿ ಹಂಗಂದ್ರ ಇಡೀ ರಿಜಿಸ್ಟರೇ ಎದ್ದು ಕುಂಡ್ರತದ್ರಿ. ಇಲಾಖೆಯವ್ರು ಸುಮ್ನ ಬಿಡ್ತಾರೇನು? ಈ ವಯಸ್ಸಿನ್ಯಾಗ ನಿಮ್ಗ ಯಾಕ ಬೇಕಿತ್ತು ಇದು?”

ರಾಯಚೂರಿನ ಕೋರ್ಟಿನಲ್ಲಿ ರಿಜಿಸ್ಟರನ್ನು ನನ್ನ ಮುಂದೆ ತೆರೆದಿಟ್ಟರು. ಪುಟದ ತುಂಬ ಜೂನ್ ಒಂದು, ಮೇಲಿಂದ ಕೆಳಗಿನ ತನಕ. ಅವನ ವಕೀಲರು ಕೇಳಿದರು: “ಇದು ನಿಮ್ಮ ಅಕ್ಷರ?” ಹೌದು. “ಹುಡುಗಿಯ ತಂದೆ ಬಂದು ಹೇಳಿದ ಪ್ರಕಾರ ಬರೆದಿದ್ದೀರಿ, ಹೌದಲ್ಲ?”

ಆ ತಂದೆ ಒಂದು ದಿನವೂ ನಮ್ಮ ಶಾಲೆಯ ಕಟ್ಟೆ ಹತ್ತಿದವನಲ್ಲ. ನಾನು ಹೌದು ಅಂದೆ. ನನ್ನ ಬಾಯಿಗೆ ಮಣ್ಣು ಹಾಕ! ಯಾರೂ ಗದರಿಸಿರಲಿಲ್ಲ, ಯಾರೂ ಹೆದರಿಸಿರಲಿಲ್ಲ. ಸರ್ಕಾರಿ ವಕೀಲರು ನನ್ನ ಮುಖ ನೋಡಿ ಫೈಲು ಮುಚ್ಚಿದರು.

ಹೊರಗೆ ಬೆಂಚಿನ ಮೇಲೆ ಕೂತಿದ್ದ ತಾಯಿ ಎದ್ದು ಬಂದಳು. “ಹೇಳಿದ್ರೇನ್ರಿ ಟೀಚರ, ನನ್ನ ಮಗಳ ವಯಸ್ಸು?”

“ಹೇಳ್ದೆವ್ವಾ.”

“ನಿಮ್ಮ ಹೊಟ್ಟಿ ತಣ್ಣಗಿರ್ಲಿ,” ಅಂದಳು.

ಅವನು ಖುಲಾಸೆಯಾದ. ಊರವರ ಬಾಯಿಗೆ ಹೆದರಿ ಮನೆಯವರು ಹುಡುಗಿಯ ಓದು ಬಿಡಿಸಿ ಮದುವೆ ಗೊತ್ತು ಮಾಡಿದರು. ಆಕೆಗೆ ನಿಜವಾಗಿ ಇನ್ನೂ ಹದಿನೆಂಟು ತುಂಬಿರಲಿಲ್ಲ. ಇದು ಗೊತ್ತಿದ್ದ ನಾನು ಸುಮ್ಮನೆ ಕೂರಲಾರದೆ ಮಕ್ಕಳ ಸಹಾಯವಾಣಿಗೆ ಫೋನು ಮಾಡಿ, ಬಾಲ್ಯವಿವಾಹ, ನಿಲ್ಲಿಸಿ ಎಂದೆ. ಅವರು ತಡಮಾಡದೆ ಹೋದರು. ಸಂಜೆ ಅಧಿಕಾರಿಯೇ ನನಗೆ ಫೋನು ಮಾಡಿದಳು, ಪರಿಚಯದವಳು.

“ಮೇಡಂ, ಹುಡುಗಿಗಿ ಹತ್ತೊಂಬತ್ತು ತುಂಬ್ಯಾವ. ಸಾಲಿ ರಿಜಿಸ್ಟರ್ ನೋಡೇ ಬಂದ್ವಿ. ನಿಮ್ಮ ಅಕ್ಷರನ ಅದ. ನಾವೇನು ಮಾಡಾಕ ಬರಂಗಿಲ್ರಿ.”

ಅವಳೇ ಮುಂದುವರಿದು ಹೇಳಿದಳು: “ಯಾರು ಫೋನ್ ಮಾಡಿದ್ರು ಅಂತ ನಾವು ಬಾಯಿ ಬಿಡ್ಲಿಲ್ರಿ. ಆಕಿನೇ ತಿಳ್ಕೊಂಡ್ಳು. ಮೈಗೆ ಅರಿಶಿಣ ಹಚ್ಚಾಕತ್ತಿದ್ರು. ಮುಖ ಎತ್ತಿ ಒಂದ ಮಾತು ಕೇಳಿದ್ಳು, ‘ಈಗ ನೆನಪಾತೇನಂತ ಟೀಚರಿಗಿ, ನನ್ನ ವಯಸ್ಸು?’”